ಐದನೆಯ ಗಜ್ಜುಗ

ವೇಳ್ಸಾಂವ್ ದಂಡೆಯಲ್ಲಿ, ದೋಣಿ ಮಗುಚಿಟ್ಟ ಕಡೆ,
ಕುಸಿದ ಕಾಂಪೌಂಡಿನ ಮೇಲೆ ಹಬ್ಬಿ ಕೂತಿತ್ತು.
ಕುಟಿನ್ಹೊ ಮೇಡಂ ದೂರದಿಂದಲೇ ಗುರುತು ಹಿಡಿದು
ಕತ್ತರಿ ನನ್ನ ಕೈಗೆ ಕೊಟ್ಟರು.
ಕತ್ತರಿಸುವವನು ನಾನು, ಬರೆದುಕೊಳ್ಳುವವರು ಅವರು.
ಹದಿನೇಳು ವರ್ಷದಿಂದ ಹೀಗೇ.

ದೋಣಿಗೆ ಡಾಂಬರು ಬಳಿಯುತ್ತಿದ್ದವನು
ಬಳ್ಳಿಯನ್ನು ನೋಡಿ ಸಾಗರಗೋಟಾ ಅಂದ,
ನನ್ನನ್ನು ನೋಡಿ ಘಾಂಟಿ ಅಂದ.
ಜಗಳಕ್ಕಲ್ಲ, ಬರೀ ಗುರುತಿಗೆ.

ಬಳ್ಳಿ ಅನ್ನಲೋ, ಪೊದೆ ಅನ್ನಲೋ.
ತನ್ನ ಕಾಲ ಮೇಲೆ ಎರಡು ಮೊಳ ನಿಲ್ಲುತ್ತದೆ,
ಆಮೇಲೆ ಯಾರ ಹೆಗಲಾದರೂ ಸರಿ.
ಹಾಗಲದ ಹಾಗೆ ಸುತ್ತಿಕೊಳ್ಳುವ ನಾಜೂಕಿಲ್ಲ,
ವೀಳ್ಯದೆಲೆಯ ಹಾಗೆ ಗಿಣ್ಣಿಗೆ ಬೇರು ಬಿಟ್ಟು
ಅಂಟಿಕೊಳ್ಳುವ ವಿದ್ಯೆಯೂ ಇಲ್ಲ.
ಇರುವುದು ಮುಳ್ಳು:
ಎಲೆದಿಂಡಿನ ಅಡಿಗೆ, ಬೆಕ್ಕಿನ ಉಗುರಿನಂತೆ ಹಿಂದಕ್ಕೆ ಬಾಗಿದ್ದು.
ಗಾಳಿ ನೂಕಿದಾಗೆಲ್ಲ ಒಂದು ಉಗುರು ಮೇಲೆ.

ನನ್ನ ತೋಳು ಹಿಡಿಯಿತು. ಎಳೆದೆ. ಅಂಗಿ ಪರ್ರೆಂದಿತು.
"ಹಿಂದೆ ಎಳೀಬೇಡ ನಿಂಗಪ್ಪಾ, ಒಳಗೆ ಹೋಗು."
ಅದರ ಕಡೆಗೇ ಅರ್ಧ ಹೆಜ್ಜೆ ಇಟ್ಟೆ.
ಬಿಟ್ಟಿತು.

ಹೊಸ ಹೂವಿನ ಗೊಂಚಲು ಒಂದು ಕಡೆ. ಹಳದಿ,
ಐದರಲ್ಲಿ ಒಂದೇ ಎಸಳಿಗೆ ಕೆಂಪು ಚುಕ್ಕೆ.
ಪಕ್ಕದಲ್ಲೇ ಹೋದ ವರ್ಷದ ಕಾಯಿ,
ಮೈಯೆಲ್ಲ ಮುಳ್ಳು, ಬಾಯಿ ಬಿಟ್ಟಿದೆ.
ಒಳಗೆ ಎರಡು ಬೂದಿಬಣ್ಣದ ಗುಂಡು,
ಮೈಮೇಲೆ ಕಣ್ಣಿಗೆ ಹಿಡಿದು ನೋಡಿದರಷ್ಟೇ ಕಾಣುವ ಗೆರೆ,
ಹೆಬ್ಬೆರಳಿನ ಗುರುತಿನ ಹಾಗೆ ಒಂದರೊಳಗೊಂದು.

(ಅವ್ವನ ಹೆಬ್ಬೆರಳಲ್ಲಿ ಗೆರೆಯೇ ಇಲ್ಲ.
ಬಂದರಿನಲ್ಲಿ ಅದಿರು ಹೊತ್ತ ಬುಟ್ಟಿ ತಿಂದಿತು.
ರೇಶನ್ ಮೆಶೀನು ಪ್ರತಿ ತಿಂಗಳೂ
ಇವಳು ಇವಳಲ್ಲ ಅನ್ನುತ್ತದೆ.)

ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರು ಮೇಡಂ.
ಒಳಗಿನ ಬೇಳೆ ಚಿಪ್ಪಿಗಿಂತ ಸಣ್ಣದು,
ನಡುವೆ ಒಂದಿಷ್ಟು ಖಾಲಿ. ಅದಕ್ಕೇ ಮುಳುಗುವುದಿಲ್ಲ.
ವರ್ಷಗಟ್ಟಲೆ ಉಪ್ಪುನೀರಲ್ಲಿದ್ದು
ಯಾವ ದ್ವೀಪದ ಮರಳು ಸಿಕ್ಕಿದರೆ ಅದು.
ಬಿಸಿಲು ನಾಡಿನ ದಂಡೆಗಳಲ್ಲೆಲ್ಲ ಇದೇ ಮುಳ್ಳು.
ಸಿಕ್ಕಿದ ಕೂಡಲೇ ಮೊಳೆಯುವುದೂ ಇಲ್ಲ:
ಸಿಪ್ಪೆ ಎಲ್ಲಾದರೂ ಸವೆಯಬೇಕು, ನೀರು ಇಳಿಯಬೇಕು.

ಕಾರಿನ ಬಾನೆಟ್ಟಿನ ಮೇಲೆ ಚೀಟಿ ಬರೆದರು.
ಕುಟುಂಬ: ಅವರೆಯದು. (ಆಹಾ, ನಮ್ಮ ಅವರೆ!)
ಸ್ವಭಾವ: ಏರುವುದು.
ಸ್ಥಳ: ಮರಳು, ಭರತದ ಗೆರೆಯಿಂದ ಇಪ್ಪತ್ತು ಹೆಜ್ಜೆ.
ಮೂಲ:
ಇಲ್ಲಿ ಪೆನ್ನು ಬಹಳ ಹೊತ್ತು ನಿಂತಿತು.
ಸಮುದ್ರ ನೋಡಿದರು. ಪೆನ್ನಿನ ಮುಚ್ಚಳ ಹಾಕಿದರು.
ಒಂದು ಬೀಜ ಲಕೋಟೆಗೆ.
ಇನ್ನೊಂದನ್ನು ನೋಡಿಯೂ ನೋಡದ ಹಾಗೆ ನನ್ನ ಕೈಯಲ್ಲೇ ಬಿಟ್ಟರು.

ರೋಣದಿಂದ ಬರುವಾಗ ಫಕೀರವ್ವನ ಸೆರಗಿನ ಗಂಟಲ್ಲಿ
ಐದು ಗಜ್ಜುಗ ಇದ್ದವು, ಮದುವೆಗೆ ಮುಂಚಿನ ಆಟದವು.
ಬೈನಾದಲ್ಲಿ ಜೆಸಿಬಿ ಬಂದ ದಿನ ಒಂದು ಹೋಯಿತು.
ಪಾತ್ರೆ ಸಿಕ್ಕವು, ಟ್ರಂಕು ಸಿಕ್ಕಿತು,
ಅದು ಸಿಗಲಿಲ್ಲ.
ನಾಲ್ಕರಲ್ಲಿ ಆಟ ಕೂಡುವುದಿಲ್ಲ.
ಹಂಚಿನ ಚೂರು ಸೇರಿಸಿಕೊಂಡು ಆಡಿದಳು ಸ್ವಲ್ಪ ದಿನ,
"ಚೂರಿಗೆ ತೂಕ ಗೊತ್ತಾಗೂದಿಲ್ಲ" ಅಂತ ಬಿಟ್ಟಳು.

ಇವತ್ತು ಕೊಟ್ಟೆ.
ತಿರುಗಿಸಿ ನೋಡಿದಳು, ಮೂಸಿದಳು,
ಎಲ್ಲಿಯದು ಎಂದು ಕೇಳಲಿಲ್ಲ.
ಹೊಸಿಲಿನ ಸಿಮೆಂಟಿಗೆ ಇಟ್ಟು ತಿಕ್ಕತೊಡಗಿದಳು,
ಬಿರಬಿರನೆ, ಬಳೆ ಸದ್ದಾಗುವ ಹಾಗೆ,
ಎಪ್ಪತ್ತು ದಾಟಿದ ರಟ್ಟೆ!
ನನಗೆ ಹೊಳೆಯುವ ಮೊದಲೇ
ಆ ಬಿಸಿ ಗುಂಡನ್ನು ನನ್ನ ಮಣಿಕಟ್ಟಿಗೆ, ಮುಳ್ಳು ಗೀರಿದಲ್ಲೇ,
ಒತ್ತಿಬಿಟ್ಟಳು.

"ಸುಡತೈತೇನ?"